ಒಂದೆಳೆ ಸಾಕು: ಜವಾರಿ ಕೋಳಿಗೆ ಬೋಳು ಕುತ್ತಿಗೆ ತರುವ ಬಗೆ

ನಾನು ಮೊದಲು ಕೊಂಡ ಬೋಳು ಕುತ್ತಿಗೆ ಹೇಂಟೆಗೆ ಎರಡು ತಿಂಗಳಲ್ಲಿ ಕುತ್ತಿಗೆ ತುಂಬ ಪುಕ್ಕ ಬಂತು. ಅಮೀನಗಡದ ಸಂತೆಗೆ ಎಲ್ಲಿಂದಲೋ ಬಂದಿದ್ದ ಒಬ್ಬ ವ್ಯಾಪಾರಿ ಅದನ್ನು ನನಗೆ ಮಾರಿದ್ದ. ಟರ್ಕಿಗೂ ಜವಾರಿ ಕೋಳಿಗೂ ಕೂಡಿಸಿ ಹುಟ್ಟಿಸಿದ್ದು ಅಂತ ಹೇಳಿ ಎರಡು ಪಟ್ಟು ರೊಕ್ಕ ತೆಗೆದುಕೊಂಡಿದ್ದ. ಅದು ಟರ್ಕಿಯೂ ಅಲ್ಲ, ಬೋಳು ಕುತ್ತಿಗೆಯದೂ ಅಲ್ಲ. ಇಕ್ಕಟ್ಟಾದ ಬುಟ್ಟಿಯಲ್ಲಿ ಬೇರೆ ಕೋಳಿಗಳು ಕುಕ್ಕಿ ಕುಕ್ಕಿ ಪುಕ್ಕ ಕಿತ್ತಿದ್ದ ಸಾದಾ ಕೋಳಿ. ಮನೆಗೆ ತಂದ ದಿನ ನಮ್ಮ ಅತ್ತೆ, "ರೊಕ್ಕ ಕೊಟ್ಟು ರೋಗ ತಂದಿ ನೋಡವಾ" ಅಂದಿದ್ದರು. ಪುಕ್ಕ ಬಂದ ಮೇಲೆ ಏನೂ ಅನ್ನಲಿಲ್ಲ, ಸುಮ್ನೆ ನಕ್ಕರು. ಅದು ಇನ್ನೂ ಜಾಸ್ತಿ ಚುಚ್ಚಿತು.

ಅದಾಗಿ 6 ವರ್ಷ. ಈಗ ನಮ್ಮ ಹಿತ್ತಲಲ್ಲಿ ನಿಜವಾದ ಬೋಳು ಕುತ್ತಿಗೆಯವೇ 17 ಕೋಳಿಗಳಿವೆ. ಎಲ್ಲವೂ ಒಂದೇ ಹುಂಜದಿಂದ ಬಂದ ಕುಳ. ನಾನೇನು ಕೋಳಿ ಫಾರ್ಮ್ ಇಟ್ಟವಳಲ್ಲ. ಇಳಕಲ್ಲಿನವಳು. ಮನೆಯವರು ಕುಣಿ ಮಗ್ಗದಲ್ಲಿ ಸೀರೆ ನೇಯುತ್ತಾರೆ, ನಾನು ನೂಲಿನ ಕಂಡಿಕೆ ಸುತ್ತುತ್ತೇನೆ, ಹಾಸಿನ, ಅಂದರೆ ಉದ್ದಕ್ಕೆ ಹೋಗುವ, ಎಳೆಗಳಿಗೆ ಕೊಂಡಿ ಹಾಕುತ್ತೇನೆ. ಹಿತ್ತಲಲ್ಲಿ ತಗಡಿನ ಕೆಳಗೆ ಇಪ್ಪತ್ತು ಮೂವತ್ತು ಕೋಳಿ ಯಾವಾಗಲೂ ಇರುತ್ತವೆ.

ಬೋಳು ಕುತ್ತಿಗೆಯ ಹುಚ್ಚು ಹತ್ತಿದ್ದು ಒಂದು ಮೇ ತಿಂಗಳ ಮಧ್ಯಾಹ್ನ. ಕರೆಂಟ್ ಹೋಗಿತ್ತು. ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟರೆ ಅಷ್ಟೇ ತಂಪು, ಉಳಿದಂತೆ ಮೈಯೆಲ್ಲ ಬೆಂಕಿ. ಹಿತ್ತಲಿಗೆ ಹೋಗಿ ನೋಡಿದರೆ ನಾಲ್ಕು ಹೇಂಟೆ ಬಾಯಿ ತೆರೆದು, ರೆಕ್ಕೆ ಚೆಲ್ಲಿ ಸತ್ತು ಬಿದ್ದಿದ್ದವು. ನಾಲ್ಕೂ ಮೊಟ್ಟೆ ಇಡುತ್ತಿದ್ದವು. ನಮ್ಮ ಕಡೆ ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟುವ ಬಿಸಿಲು. ಕೋಳಿಗೆ ಬೆವರು ಬರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಮೇಲೆ ಪುಕ್ಕದ ಕಂಬಳಿ ಬೇರೆ. ಈ ಕಂಬಳಿಯನ್ನು ಸ್ವಲ್ಪ ತೆಳುಮಾಡಿದ ಕೋಳಿ ಇದೆ ಅಂತ ಯಾರೋ ಹೇಳಿದ್ದರು. ಅದಕ್ಕೇ ಸಂತೆಯಲ್ಲಿ ಮೋಸ ಹೋದೆ.

ನೀವು ಮೋಸ ಹೋಗಬೇಡಿ. ಬೋಳು ಕುತ್ತಿಗೆ ಕೋಳಿ ಕೊಳ್ಳುವಾಗ ಅದನ್ನು ಕೈಯಲ್ಲಿ ಹಿಡಿದು ಕುತ್ತಿಗೆಯ ಚರ್ಮ ಸವರಿ ನೋಡಿ. ಕಿತ್ತ ಪುಕ್ಕದ ಜಾಗದಲ್ಲಿ ಸಣ್ಣ ಸಣ್ಣ ಗುಳಿ ಇರುತ್ತವೆ, ಇಲ್ಲವೇ ಹೊಸ ಪುಕ್ಕದ ಮೊಳಕೆ ಮುಳ್ಳಿನ ಹಾಗೆ ಬೆರಳಿಗೆ ಹತ್ತುತ್ತದೆ. ನಾವು ಅಡುಗೆಗೆ ಕೋಳಿ ಸ್ವಚ್ಛ ಮಾಡಿದಾಗ ಚರ್ಮದ ಮೇಲೆ ಚುಕ್ಕೆ ಚುಕ್ಕೆ ಕಾಣುತ್ತದೆ ಅಲ್ವಾ, ಅದೇ. ನಿಜವಾದ ಬೋಳು ಕುತ್ತಿಗೆಯಲ್ಲಿ ಆ ಚುಕ್ಕೆ ಇರುವುದಿಲ್ಲ. ಅಲ್ಲಿ ಪುಕ್ಕದ ಬೇರೇ ಹುಟ್ಟಿಲ್ಲ. ಚರ್ಮ ನುಣುಪಾಗಿ, ಸ್ವಲ್ಪ ದಪ್ಪಗೆ, ಕೆಂಪಗೆ ಇರುತ್ತದೆ. ಬಿಸಿಲು ತಾಗಿದಷ್ಟೂ ಕೆಂಪು ಏರುತ್ತದೆ, ಹುಂಜದಲ್ಲಿ ಇನ್ನೂ ಗಾಢ. ಹೇನು ಹತ್ತಿದ್ದು, ಪುಕ್ಕ ಉದುರುವ ಕಾಲ ಬಂದಿದ್ದು, ಬೇರೆ ಕೋಳಿ ಕುಕ್ಕಿದ್ದು, ಇವೆಲ್ಲ ಅಡ್ಡಾದಿಡ್ಡಿ ಬೋಳು. ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇರುವುದಿಲ್ಲ.

ಟರ್ಕಿಯ ಕಥೆ ಹೇಳಿದರೆ ನಂಬಲೇಬೇಡಿ. ಇದು ನಮ್ಮೂರಿನ ಸುಳ್ಳು ಮಾತ್ರ ಅಲ್ಲ. ಇಂಗ್ಲಿಷ್ ಮಾತಾಡುವವರೂ ಟರ್ಕಿಯ ಹೆಸರಿಗೆ ಕೋಳಿಯ ಹೆಸರು ಕಸಿಮಾಡಿ ಇದನ್ನು ಟರ್ಕೆನ್ ಅಂತ ಕರೆಯುತ್ತಾರೆ. ಬಿ.ಎಸ್ಸಿ. ಓದುವ ನಮ್ಮಣ್ಣನ ಮಗಳು ಒಂದೇ ಮಾತಿನಲ್ಲಿ ಇದನ್ನು ಮುಗಿಸಿದಳು: "ಅತ್ತಿ, ಕೋಳಿಗೆ 78 ಕ್ರೋಮೋಸೋಮು, ಟರ್ಕಿಗೆ 80. ಹಾಸಿನ ಲೆಕ್ಕ ತಪ್ಪಿದ್ರ ಸೀರಿ ಆಗ್ತದೇನು?" ಲ್ಯಾಬಿನಲ್ಲಿ ಕಷ್ಟಪಟ್ಟು ಅಂಥ ಮರಿ ಹುಟ್ಟಿಸಿದ್ದುಂಟಂತೆ. ಆದರೆ ಹೆಚ್ಚಿನವು ಬದುಕುವುದಿಲ್ಲ, ಅವುಗಳಿಂದ ಕುಳ ಬೆಳೆಯುವುದಿಲ್ಲ. ಬೋಳು ಕುತ್ತಿಗೆಯದು ಪೂರಾ ಕೋಳಿಯೇ. ಒಂದು ಜಾಗದಲ್ಲಿ ಒಂದೇ ಒಂದು ವ್ಯತ್ಯಾಸ, ಅಷ್ಟೇ.

ಕ್ರೋಮೋಸೋಮಿಗೆ ಕನ್ನಡದಲ್ಲಿ ವರ್ಣತಂತು ಅಂತಾರೆ. ಬಣ್ಣದ ಎಳೆ! ಇದನ್ನು ಕೇಳಿದ ದಿನದಿಂದ ನನಗೆ ಈ ಪಾಠ ಕಷ್ಟವೇ ಆಗಲಿಲ್ಲ. ಪ್ರತಿ ಕೋಳಿಯಲ್ಲೂ ಎಳೆಗಳು ಜೋಡಿ ಜೋಡಿಯಾಗಿ ಇರುತ್ತವೆ. ಜೋಡಿಯಲ್ಲಿ ಒಂದು ಅಪ್ಪನದು, ಒಂದು ಅವ್ವನದು. ಅದು ಮರಿ ಮಾಡುವಾಗ ಆ ಎರಡರಲ್ಲಿ ಯಾವುದೋ ಒಂದನ್ನು ಮಾತ್ರ ಮರಿಗೆ ಕೊಡುತ್ತದೆ. ಯಾವುದು ಅನ್ನುವುದು ಚಿತ್ತೋ ಪಟ್ಟೋ ಲೆಕ್ಕ. ಕುತ್ತಿಗೆ ಬೋಳಾಗುವ ಗುಟ್ಟು ಮೂರನೇ ನಂಬರಿನ ಎಳೆಯಲ್ಲಿದೆ. ಅದು ಹುಂಜ, ಹೇಂಟೆ ಅಂತ ಭೇದ ಮಾಡುವುದಿಲ್ಲ. ಅಪ್ಪನಿಂದ ಬಂದರೂ ಸರಿ, ಅವ್ವನಿಂದ ಬಂದರೂ ಸರಿ.

ಇಲ್ಲಿಯ ಚೆಂದ ಏನಂದರೆ, ಕೋಳಿಯ ಹತ್ತಿರ ಬೋಳು ಎಳೆ ಒಂದಿದೆಯೋ ಎರಡಿದೆಯೋ ಅಂತ ಕುತ್ತಿಗೆಯೇ ಹೇಳುತ್ತದೆ. ಒಂದೇ ಎಳೆ ಇದ್ದರೆ ಕುತ್ತಿಗೆ ಬೋಳು, ಆದರೆ ಮುಂದುಗಡೆ, ಎದೆಗಿಂತ ಸ್ವಲ್ಪ ಮೇಲೆ, ಒಂದು ಹಿಡಿ ಪುಕ್ಕದ ಗೊಂಡೆ ಇರುತ್ತದೆ. ಕೊರಳಿಗೆ ಕಟ್ಟಿದ ತಾಯಿತದ ಹಾಗೆ. ಎರಡೂ ಎಳೆ ಬೋಳಿನವೇ ಆದರೆ ಆ ಗೊಂಡೆ ಇಲ್ಲ. ಇದ್ದರೂ ನಾಲ್ಕೈದು ಪುಕ್ಕ. ನೆತ್ತಿಯ ಮೇಲೆ ಒಂದು ಟೋಪಿ, ಅಲ್ಲಿಂದ ಹೆಗಲವರೆಗೆ ಬರೀ ಚರ್ಮ. ಒಂದೆಳೆಯದಕ್ಕೆ ಮೈಮೇಲಿನ ಒಟ್ಟು ಪುಕ್ಕ ನೂರಕ್ಕೆ 20ರಿಂದ 30ರಷ್ಟು ಕಡಿಮೆ. ಎರಡೆಳೆಯದಕ್ಕೆ ಸುಮಾರು 40ರಷ್ಟು. ಕುತ್ತಿಗೆ ಎದ್ದು ಕಾಣುತ್ತದೆ, ಆದರೆ ಎದೆ, ತೊಡೆಯ ಒಳಬದಿಯಲ್ಲೂ ಪುಕ್ಕ ವಿರಳ. ರೆಕ್ಕೆ ಎತ್ತಿ ನೋಡಿದರೆ ಗೊತ್ತಾಗುತ್ತದೆ.

ಇನ್ನೊಂದು ಮಾತು ಗಟ್ಟಿಯಾಗಿ ನೆನಪಿಡಿ. ಕುತ್ತಿಗೆಯಲ್ಲಿ ಪೂರಾ ಪುಕ್ಕ ಇರುವ ಮರಿಯಲ್ಲಿ ಬೋಳು ಎಳೆ ಅಡಗಿ ಕೂತಿರುವುದಿಲ್ಲ. ಈ ಎಳೆ ಒಂದಿದ್ದರೂ ಸಾಕು, ಹೊರಗೆ ಕಂಡೇ ಕಾಣುತ್ತದೆ. ಅಪ್ಪ ಬೋಳು ಕುತ್ತಿಗೆಯವನಾದರೆ ಮಗಳಿಗೆ ಪುಕ್ಕ ಇದ್ದರೂ ಮೊಮ್ಮಗನಲ್ಲಿ ಹೊರಬಂದೀತು ಅಂತ ನಾನು ಮೂರು ಪುಕ್ಕದ ಹೇಂಟೆಗಳನ್ನು ಒಂದು ವರ್ಷ ಸಾಕಿದೆ. ಬರಲಿಲ್ಲ. ಬರುವುದೂ ಇಲ್ಲ. ಅಂಥವನ್ನು ಮಾರಿ, ತಿನ್ನಿ, ಮೊಟ್ಟೆಗೆ ಇಟ್ಟುಕೊಳ್ಳಿ. ಬೋಳು ಕುತ್ತಿಗೆಯ ಆಸೆಗೆ ಮಾತ್ರ ಇಟ್ಟುಕೊಳ್ಳಬೇಡಿ.

ನನಗೆ ನಿಜವಾದ ಹುಂಜ ಸಿಕ್ಕಿದ್ದು ನಮ್ಮೂರಿನ ಗ್ರಾನೈಟ್ ಕ್ವಾರಿಯ ಕೆಲಸಕ್ಕೆ ಬಂದಿದ್ದ ಕೇರಳದ ಒಂದು ಕುಟುಂಬದಿಂದ. ಕೇರಳದ ಹಳ್ಳಿಗಳಲ್ಲಿ ಈ ಕೋಳಿ ಹಿಂದಿನಿಂದಲೂ ಇದೆ. ಅವರು ಊರಿಗೆ ವಾಪಸ್ ಹೋಗುವಾಗ ಹುಂಜವನ್ನು ನನಗೆ ಬಿಟ್ಟು ಹೋದರು. ಕೆಂಪು ಕುತ್ತಿಗೆ, ಮುಂದೆ ಕಪ್ಪು ಗೊಂಡೆ. ಅಂದರೆ ಒಂದೆಳೆಯವನು. ಆಗ ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅವನನ್ನೇ ತರುತ್ತಿದ್ದೆ. ಒಂದೆಳೆಯ ಹುಂಜ ಒಂದಿದ್ದರೆ ನಿಮ್ಮ ಕೆಲಸ ನಡೆಯುತ್ತದೆ. ಹೇಂಟೆಯೂ ಆಗುತ್ತದೆ, ಆದರೆ ಹೇಂಟೆ ತನ್ನ ಮೊಟ್ಟೆಗೆ ಮಾತ್ರ ಅವ್ವ. ಹುಂಜ ಎಂಟು ಹತ್ತು ಹೇಂಟೆಯ ಮೊಟ್ಟೆಗೆ ಅಪ್ಪ.

ಹುಂಜವನ್ನು ತಂದ ದಿನವೇ ಮೊಟ್ಟೆ ಕೂಡಿಡಲು ಶುರು ಮಾಡಬೇಡಿ. ನಾನು ಮಾಡಿದ ಎರಡನೇ ತಪ್ಪು ಇದು. ಹೇಂಟೆ ಹಳೆಯ ಹುಂಜದ ಬೀಜವನ್ನು ಮೈಯೊಳಗೇ ಎರಡು ಮೂರು ವಾರ ಇಟ್ಟುಕೊಂಡಿರುತ್ತದೆ. ನಾನು ನಾಲ್ಕನೇ ದಿನಕ್ಕೇ ಮೊಟ್ಟೆ ಇಟ್ಟೆ. ಹುಟ್ಟಿದ ಎಂಟೂ ಮರಿಗೆ ಕುತ್ತಿಗೆ ತುಂಬ ಪುಕ್ಕ. ಮತ್ತೆ ಮೋಸ ಹೋದೆ ಅಂತ ಕೇರಳದವರನ್ನು ಮನಸ್ಸಿನಲ್ಲೇ ಬೈದೆ. ಪಾಪ, ಅವು ಹಳೆಯ ಹುಂಜದ ಮರಿಗಳು. ಆದ್ದರಿಂದ ಹಳೆಯ ಹುಂಜವನ್ನು ಮೊದಲು ಬೇರೆ ಮಾಡಿ. 3 ವಾರ ಕಾಯಿರಿ, ಆ ಮೊಟ್ಟೆಯನ್ನೆಲ್ಲ ತಿಂದು ಮುಗಿಸಿ. ಆಮೇಲಿನ ಮೊಟ್ಟೆಯನ್ನು ಕಾವಿಗೆ ತೆಗೆದಿಡಿ.

ಹೇಂಟೆಗಳನ್ನು ಆರಿಸುವಾಗ ನನ್ನದು ಒಂದೇ ಹಠ. ಜವಾರಿಯೇ ಬೇಕು. ಗಿರಿರಾಜ, ಸ್ವರ್ಣಧಾರಾ ಒಳ್ಳೆಯ ತಳಿಗಳೇ, ನಮ್ಮ ರಾಜ್ಯದಲ್ಲೇ ಹುಟ್ಟಿದವು. ಆದರೆ ನನಗೆ ಬೇಕಾದದ್ದು ತಾನೇ ಕಾವಿಗೆ ಕೂತು, ಹದ್ದು ಬಂದರೆ ಕೂಗಿ, ಮರಿ ಮೇಯಿಸುವ ಕೋಳಿ. ಬೋಳು ಕುತ್ತಿಗೆ ಅನ್ನುವುದು ಬೇರೆ ತಳಿ ಅಂತ ನಾನು ನೋಡುವುದೇ ಇಲ್ಲ. ಅದು ಒಂದೆಳೆ. ನಮ್ಮ ಸೀರೆಗೆ ಹೊಸ ಬಣ್ಣದ ಒಂದೆಳೆ ಸೇರಿಸಿದರೆ ಅದು ಬೇರೆ ಊರಿನ ಸೀರೆ ಆಗುತ್ತದೆಯೇ? ಉಳಿದ ಹಾಸು, ಹೊಕ್ಕು ಎಲ್ಲ ಜವಾರಿಯೇ ಇರಲಿ.

ಮೊಟ್ಟೆಯನ್ನು ಚೂಪು ತುದಿ ಕೆಳಗೆ ಮಾಡಿ, ನೆಲಕ್ಕೆ ಹತ್ತಿರ, ತಂಪು ಜಾಗದಲ್ಲಿ ಇಡಿ. ಚಳಿಗಾಲದಲ್ಲಿ ಒಂದು ವಾರದವರೆಗೆ ಕೂಡಿಡಬಹುದು. ಬೇಸಿಗೆಯಲ್ಲಿ ನಾನು 4 ದಿನಕ್ಕಿಂತ ಹೆಚ್ಚು ಇಡುವುದಿಲ್ಲ. ನಿಜ ಹೇಳಬೇಕೆಂದರೆ ಏಪ್ರಿಲ್, ಮೇಯಲ್ಲಿ ಕಾವಿಗೇ ಕೂರಿಸುವುದಿಲ್ಲ. ಒಂದು ಜವಾರಿ ಹೇಂಟೆಯ ಕೆಳಗೆ 10ರಿಂದ 12 ಮೊಟ್ಟೆ ಸಾಕು. ಬುಟ್ಟಿಗೆ ಬೂದಿ ಹಾಕಿ, ಮೇಲೆ ಹುಲ್ಲು ಹಾಸಿ. ಬೂದಿ ಇದ್ದರೆ ಹೇನಿನ ಕಾಟ ಕಡಿಮೆ. 7ನೇ ದಿನ ರಾತ್ರಿ ಮೊಬೈಲಿನ ಟಾರ್ಚ್ ಮೇಲೆ ಮೊಟ್ಟೆ ಹಿಡಿದು ನೋಡಿ. ಕೆಂಪು ನರಗಳು ಜೇಡರ ಬಲೆಯ ಹಾಗೆ ಕಂಡರೆ ಜೀವ ಇದೆ. ಏನೂ ಕಾಣದಿದ್ದರೆ ತೆಗೆದುಬಿಡಿ. 21ನೇ ದಿನ ಮರಿ.

ಸಂತೆಯಿಂದ ತಂದ ಆ ಸುಳ್ಳು ಹೇಂಟೆ ಇದ್ದಾಳಲ್ಲ, ನಮ್ಮ ಮನೆಯಲ್ಲಿ ಅವಳಷ್ಟು ಚೆನ್ನಾಗಿ ಕಾವು ಕೊಡುವವಳು ಇನ್ನೊಬ್ಬಳಿಲ್ಲ. ಹುಂಜದ ಹೆಚ್ಚಿನ ಮರಿಗಳನ್ನು ಬಿಡಿಸಿದ್ದು ಅವಳೇ. ಅತ್ತೆ ಈಗ ಅವಳನ್ನು "ನಮ್ಮ ಟರ್ಕಿ" ಅಂತಲೇ ಕರೆಯುತ್ತಾರೆ.

ಮರಿ ಹುಟ್ಟಿದ ದಿನವೇ ಲೆಕ್ಕ ಬರೆದುಕೊಳ್ಳಿ. ಈ ಕೋಳಿಯಲ್ಲಿ ನನಗೆ ಅತೀ ಹಿಡಿಸಿದ್ದು ಇದು. ಬಣ್ಣ ಗೊತ್ತಾಗಲು ತಿಂಗಳು ಕಾಯಬೇಕು, ಹುಂಜವೋ ಹೇಂಟೆಯೋ ಗೊತ್ತಾಗಲು ಇನ್ನೂ ಹೆಚ್ಚು. ಆದರೆ ಬೋಳು ಕುತ್ತಿಗೆ ಮೊಟ್ಟೆ ಒಡೆದು ಮೈ ಒಣಗುತ್ತಲೇ ಗೊತ್ತು. ಮೈಯೆಲ್ಲ ಹತ್ತಿಯಂಥ ತುಪ್ಪಳ, ಕುತ್ತಿಗೆ ಮಾತ್ರ ಗುಲಾಬಿ. ಅಷ್ಟು ಚಿಕ್ಕ ಮರಿಯಲ್ಲೂ ಗೊಂಡೆಯ ಜಾಗದಲ್ಲಿ ತುಪ್ಪಳದ ಒಂದು ಚುಕ್ಕೆ ಹುಡುಕಿದರೆ ಸಿಗುತ್ತದೆ.

ಗುರುತಿಗೆ ಕಾಲಿಗೆ ದಾರ ಕಟ್ಟಬೇಡಿ. ಮನೆಯಲ್ಲಿ ಬಣ್ಣಬಣ್ಣದ ರೇಷ್ಮೆ ಎಳೆ ಇರುವಾಗ ಇನ್ನೇನು ಅಂತ ನಾನು ಕಟ್ಟಿದೆ. ಕೆಂಪು ಅಂದರೆ ಗೊಂಡೆ ಇದ್ದದ್ದು, ಹಸಿರು ಅಂದರೆ ಇಲ್ಲದ್ದು. ಮರಿ ಬೆಳೆಯಿತು, ದಾರ ಬೆಳೆಯಲಿಲ್ಲ. ಮೂರು ವಾರಕ್ಕೆ ಒಂದರ ಕಾಲು ಬಾತು, ದಾರ ಚರ್ಮದೊಳಗೆ ಹೂತಿತ್ತು. ಅದು ಈಗಲೂ ಕುಂಟುತ್ತದೆ. ಬಿಚ್ಚಿ ದೊಡ್ಡದು ಮಾಡಬಹುದಾದ ಪ್ಲಾಸ್ಟಿಕ್ ಬಳೆ ಸಿಗುತ್ತವೆ, ಅವನ್ನೇ ಹಾಕಿ, ವಾರಕ್ಕೊಮ್ಮೆ ನೋಡಿ. ಇಲ್ಲದಿದ್ದರೆ ನೋಟ್‌ಬುಕ್ಕಿನಲ್ಲಿ ಬಣ್ಣ, ಗುರುತು ಬರೆದಿಡಿ.

ಈಗ ನನ್ನ ಲೆಕ್ಕ. ಗೊಂಡೆಯ ಹುಂಜ, ಸಾದಾ ಜವಾರಿ ಹೇಂಟೆ. ಹುಂಜದ ಜೋಡಿಯಲ್ಲಿ ಒಂದು ಬೋಳು ಎಳೆ, ಒಂದು ಸಾದಾ. ಹೇಂಟೆಯದು ಎರಡೂ ಸಾದಾ. ಆದ್ದರಿಂದ ಮರಿಗಳಲ್ಲಿ ಅರ್ಧಕ್ಕೆ ಬೋಳು, ಅರ್ಧಕ್ಕೆ ಪುಕ್ಕ ಬರಬೇಕು. ಮೊದಲ ಸಲ 11 ಮರಿ ಹುಟ್ಟಿದವು: 6 ಬೋಳು, 5 ಪುಕ್ಕ. ನಾನು ಹಿಗ್ಗಿದೆ. ಎರಡನೇ ಸಲ 9 ಹುಟ್ಟಿದವು: 2 ಬೋಳು, 7 ಪುಕ್ಕ. ಲೆಕ್ಕ ತಪ್ಪಿತಲ್ಲ ಅಂತ ಅಣ್ಣನ ಮಗಳಿಗೆ ಫೋನ್ ಮಾಡಿದೆ. ಅವಳು ನಕ್ಕು, "ನಾಣ್ಯ ಒಂಬತ್ತು ಸಲ ಚಿಮ್ಮಿ ನೋಡು ಅತ್ತಿ" ಅಂದಳು. ಚಿಮ್ಮಿದೆ. ಒಂದು ಸಲ ಆರು ಚಿತ್ತು ಮೂರು ಪಟ್ಟು, ಮತ್ತೊಂದು ಸಲ ಎರಡು ಚಿತ್ತು ಏಳು ಪಟ್ಟು. ಒಂದು ಬುಟ್ಟಿ ಮರಿ ನೋಡಿ ತೀರ್ಮಾನ ಮಾಡಬಾರದು. ನಾಲ್ಕೈದು ಬುಟ್ಟಿ ಸೇರಿಸಿ ನೋಡಿದರೆ ಅರ್ಧದ ಹತ್ತಿರಕ್ಕೆ ಬಂದು ನಿಲ್ಲುತ್ತದೆ.

ಗೊಂಡೆಯ ಹುಂಜಕ್ಕೆ ಗೊಂಡೆಯ ಹೇಂಟೆಯನ್ನೇ ಕೂಡಿಸಿದರೆ ಲೆಕ್ಕ ಬೇರೆ. ನಾಲ್ಕರಲ್ಲಿ ಒಂದು ಪಾಲು ಪೂರಾ ಬೋಳು, ಎರಡು ಪಾಲು ಗೊಂಡೆಯವು, ಒಂದು ಪಾಲು ಸಾದಾ. ನನಗೆ ಎರಡು ಬುಟ್ಟಿಯಿಂದ 16 ಮರಿ ಹುಟ್ಟಿದವು. 3 ಪೂರಾ ಬೋಳು, 9 ಗೊಂಡೆ, 4 ಪುಕ್ಕ. ಎರಡು ಬೋಳಿಗೆ ಹುಟ್ಟಿದ್ದರಲ್ಲಿ ಪುಕ್ಕದ್ದು ಹೇಗೆ ಬಂತು ಅಂತ ಓಣಿಯವರಿಗೆಲ್ಲ ಅನುಮಾನ. ಬೇಲಿ ಹಾರಿ ಬಂದ ಪಕ್ಕದ ಮನೆಯ ಹುಂಜದ ಮೇಲೆ ಅಪವಾದ ಹೊರಿಸಿದರು. ಅವನ ತಪ್ಪು ಏನೂ ಇಲ್ಲ. ಅಪ್ಪನದೂ ಸಾದಾ ಎಳೆ, ಅವ್ವನದೂ ಸಾದಾ ಎಳೆ ಒಂದೇ ಮರಿಗೆ ಬಂದರೆ ಪುಕ್ಕ ಬರಲೇಬೇಕು.

ಪೂರಾ ಬೋಳು ಹುಂಜವನ್ನು ಸಾದಾ ಹೇಂಟೆಗೆ ಕೂಡಿಸಿದರೆ ಎಲ್ಲ ಮರಿಯೂ ಗೊಂಡೆಯವೇ, ಒಂದೂ ತಪ್ಪದೆ. ಮರಿ ಮಾರುವವರಿಗೆ ಇದು ಬಹಳ ಅನುಕೂಲ. ಗೊಂಡೆ ಇದೆಯೋ ಇಲ್ಲವೋ ಅನ್ನುವಷ್ಟು ಕಡಿಮೆ ಪುಕ್ಕ ಇದ್ದು ನಿಮಗೆ ಅನುಮಾನ ಬಂದರೆ, ಹುಂಜವನ್ನೇ ಪರೀಕ್ಷೆಗೆ ಹಚ್ಚಿ. ಸಾದಾ ಹೇಂಟೆಗಳ ಜೊತೆ ಬಿಟ್ಟು ಮರಿ ಮಾಡಿಸಿ. ಪುಕ್ಕದ ಮರಿ ಒಂದೇ ಒಂದು ಬಂದರೂ ಅವನು ಒಂದೆಳೆಯವನು, ಮಾತು ಮುಗಿಯಿತು. ಸಾಲಾಗಿ 7 ಮರಿ ಬೋಳೇ ಬಂದರೆ ಅವನು ಎರಡೆಳೆಯವನು ಅಂತ ಧೈರ್ಯವಾಗಿ ಹೇಳಬಹುದು. ಒಂದೆಳೆಯವನಿಗೆ ಹಾಗೆ ಏಳಕ್ಕೆ ಏಳೂ ಬೋಳು ಬರುವುದು 128 ಸಲದಲ್ಲಿ ಒಂದು ಸಲ.

ಹಾಗಾದರೆ ಎಲ್ಲವನ್ನೂ ಎರಡೆಳೆ ಮಾಡಿಬಿಡೋಣ ಅನ್ನಿಸುತ್ತದೆ ಅಲ್ವಾ? ನನಗೂ ಅನ್ನಿಸಿತ್ತು. ಬೇಡ. ಎರಡೆಳೆಯ ಮರಿಗಳು ಮೊಟ್ಟೆಯೊಳಗೇ, ಕೊನೆಯ ದಿನಗಳಲ್ಲಿ, ಸಾಯುವುದು ಸ್ವಲ್ಪ ಜಾಸ್ತಿ. ಜೊತೆಗೆ ಡಿಸೆಂಬರಿನ ಬೆಳಗಿನ ಜಾವ ನಮ್ಮ ಇಳಕಲ್ಲಿನಲ್ಲೂ ಚಳಿ ಇರುತ್ತದೆ. ಪೂರಾ ಬೋಳಿನವು ಗೋಡೆಗೆ ಒತ್ತಿ ಮುದುಡಿ ಕೂರುತ್ತವೆ, ಮೈ ಬೆಚ್ಚಗಿಡಲು ಹೆಚ್ಚು ಕಾಳು ತಿನ್ನುತ್ತವೆ. ಬೇಸಿಗೆಗೆ ಉಳಿಸಿದ್ದು ಚಳಿಗಾಲಕ್ಕೆ ಖರ್ಚಾಯಿತು. ಒಂದೆರಡು ಪೂರಾ ಬೋಳು ಹುಂಜ ಇಟ್ಟುಕೊಳ್ಳಿ, ಮಂದೆಯೆಲ್ಲ ಗೊಂಡೆಯದಿರಲಿ. ಬಿಸಿಲಿಗೂ ಬೇಕಾದಷ್ಟು ಬೋಳು, ಚಳಿಗೂ ಬೇಕಾದಷ್ಟು ಪುಕ್ಕ. ಇಷ್ಟು ಕಾಲ ಸಾಕಿ ನಾನು ಕಂಡುಕೊಂಡದ್ದು ಇದೇ: ನಮ್ಮ ಕಡೆಗೆ ಒಂದೆಳೆ ಸಾಕು.

ಈ ಎಳೆ ಎಲ್ಲಿಯದು ಅಂತ ಕೇಳುವವರಿಗೆ ಸ್ವಲ್ಪ ಹೇಳುತ್ತೇನೆ. ಯುರೋಪಿನಲ್ಲಿ ಇದಕ್ಕೆ ಟ್ರಾನ್ಸಿಲ್ವೇನಿಯಾದ ಕೋಳಿ ಅಂತಲೇ ಹೆಸರು. ಅದು ಈಗಿನ ರೊಮೇನಿಯಾ ದೇಶದ ಭಾಗ. 1875ರಲ್ಲಿ ವಿಯೆನ್ನಾದ ಪ್ರದರ್ಶನದಲ್ಲಿ ಇದನ್ನು ಇಟ್ಟಾಗ ಜನ ಬೆರಗಾದರಂತೆ. ತಮಾಷೆ ಏನಂದರೆ ಅಲ್ಲಿ ಹಿಮ ಬೀಳುತ್ತದೆ. ಬಿಸಿಲಿಗೆ ಹೇಳಿ ಮಾಡಿಸಿದ ಕೋಳಿಗೆ ಹೆಸರು ಕೊಟ್ಟದ್ದು ಚಳಿಯ ಊರು. ಫ್ರಾನ್ಸಿನಲ್ಲಿ ಲೇಬಲ್ ರೂಜ್ ಅನ್ನುವ ಮುದ್ರೆ ಹಾಕಿ ಮಾರುವ ದುಬಾರಿ ಕೋಳಿಗಳಿವೆ. ಕಡಿಮೆ ಅಂದರೂ 81 ದಿನ ಬೆಳೆಸಬೇಕು ಅಂತ ನಿಯಮ. ಅವುಗಳಲ್ಲಿ ಬಹಳಷ್ಟು ಬೋಳು ಕುತ್ತಿಗೆಯವು. ನಮ್ಮ ದೇಶದಲ್ಲೂ ಬರೇಲಿಯ ಹತ್ತಿರದ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯವರು ಬೋಳು ಕುತ್ತಿಗೆಯ ನಾಟಿ ಕೋಳಿಯಿಂದ ಹಿತಕಾರಿ ಅನ್ನುವ ಹಿತ್ತಲ ಕೋಳಿ ಮಾಡಿದ್ದಾರೆ. ಪುಕ್ಕ ಸುರುಳಿ ಸುತ್ತಿದ ಕೋಳಿಯಿಂದ ಉಪಕಾರಿ ಅನ್ನುವುದನ್ನೂ ಮಾಡಿದ್ದಾರೆ. ಹೆಸರಿಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು.

ಒಂದೇ ಜೀನಿನ, ಅಂದರೆ ಎಳೆಯೊಳಗಿನ ಒಂದು ಸಣ್ಣ ಭಾಗದ, ಆಟ ಇದು ಅಂತ ನೂರು ವರ್ಷದ ಹಿಂದೆಯೇ ಗೊತ್ತಿತ್ತು. ಆದರೆ ಆ ಜೀನಿನಲ್ಲಿ ಏನಾಗಿದೆ ಅನ್ನುವುದು 2011ರಲ್ಲಿ ತಿಳಿಯಿತು. ಸ್ಕಾಟ್ಲೆಂಡಿನ ಎಡಿನ್‌ಬರೋದ ರೋಸ್ಲಿನ್ ಸಂಸ್ಥೆಯವರು ಹುಡುಕಿದರು. ಡಾಲಿ ಅನ್ನುವ ಕುರಿಯನ್ನು ಮಾಡಿದ ಸಂಸ್ಥೆಯೇ ಅದು. ಅವರು ಹೇಳಿದ್ದು ಕೇಳಿ ನಾನು ಕಂಡಿಕೆ ಕೆಳಗಿಟ್ಟು ಕೂತೆ. ಒಂದನೇ ನಂಬರಿನ ಎಳೆಯ ದೊಡ್ಡ ತುಂಡೊಂದು ಯಾವುದೋ ಕಾಲದಲ್ಲಿ ಮೂರನೇ ನಂಬರಿನ ಎಳೆಯೊಳಗೆ ಬಂದು ಕೂತಿದೆ. ನಮ್ಮ ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತೇವೆ. ಕೋಳಿಯಲ್ಲಿ ಯಾರೂ ಹಾಕದೆ ಒಂದು ಕೊಂಡಿ ಬಿದ್ದಿದೆ.

ಆ ತುಂಡು ಬಂದು ಕೂತದ್ದರಿಂದ ಅದರ ಹತ್ತಿರದ ಒಂದು ಜೀನ್ ಅಳತೆ ಮೀರಿ ಕೆಲಸ ಮಾಡುತ್ತದೆ. ಅದು ತಯಾರಿಸುವ ವಸ್ತುವಿಗೆ ಬಿಎಂಪಿ 12 ಅಂತ ಹೆಸರು. ಮೊಟ್ಟೆಯೊಳಗೆ ಮರಿಯ ಚರ್ಮ ಬೆಳೆಯುವಾಗ "ಇಲ್ಲಿ ಪುಕ್ಕ ಬೇಡ" ಅಂತ ಹೇಳುವುದು ಇದರ ಕೆಲಸ. ಹಾಗಾದರೆ ಮೈಯೆಲ್ಲ ಯಾಕೆ ಬೋಳಾಗುವುದಿಲ್ಲ? ಕುತ್ತಿಗೆಯ ಚರ್ಮದಲ್ಲಿ ಎ ವಿಟಮಿನ್ನಿನಿಂದ ಆಗುವ ರೆಟಿನಾಯಿಕ್ ಆಮ್ಲ ಇರುತ್ತದೆ. ಅದು ಇದ್ದಲ್ಲಿ ಆ ಮಾತು ಇನ್ನೂ ಜೋರಾಗಿ ಕೇಳುತ್ತದೆ. ಒಂದೇ ಕೂಗು, ಆದರೆ ಕುತ್ತಿಗೆಗೆ ಕಿವಿ ಚುರುಕು. ಬೆನ್ನಿಗೆ ಅರ್ಧ ಕೇಳುತ್ತದೆ, ಅರ್ಧ ಬಿಡುತ್ತದೆ. ಅದಕ್ಕೇ ಮೈಮೇಲೆ ಪುಕ್ಕ ವಿರಳ, ಕುತ್ತಿಗೆ ಪೂರಾ ಬೋಳು.

ಬಿಸಿಲಿನಲ್ಲಿ ಇದರ ಲಾಭ ಎಷ್ಟು ಅಂತ ಕೇಳಿದರೆ ನಾನು ಮೊದಲು ಮೊಟ್ಟೆ ತೋರಿಸುತ್ತೇನೆ. ಕೋಳಿ ಸೆಕೆಗೆ ಏದುಸಿರು ಬಿಟ್ಟಷ್ಟೂ ರಕ್ತದಲ್ಲಿನ ಇಂಗಾಲದ ಡೈ ಆಕ್ಸೈಡ್ ಹೊರಗೆ ಹೋಗುತ್ತದೆ. ಮೊಟ್ಟೆಯ ಚಿಪ್ಪಿಗೆ ಅದು ಬೇಕು. ಆದ್ದರಿಂದಲೇ ಬೇಸಿಗೆಯಲ್ಲಿ ಚಿಪ್ಪು ತೆಳು, ಕೈಯಲ್ಲಿ ಹಿಡಿದರೆ ಬಿರುಕು. ಬೋಳು ಕುತ್ತಿಗೆಯವು ಚರ್ಮದಿಂದಲೇ ಸ್ವಲ್ಪ ಬಿಸಿ ಬಿಟ್ಟುಕೊಳ್ಳುತ್ತವೆ, ಏದುಸಿರು ತಡವಾಗಿ ಶುರುವಾಗುತ್ತದೆ. ಹೋದ ಮೇಯಲ್ಲಿ ನನ್ನ ಸಾದಾ ಕೋಳಿಗಳು ಮಧ್ಯಾಹ್ನ ಮೇವು ಮುಟ್ಟುತ್ತಿರಲಿಲ್ಲ. ಗೊಂಡೆಯವು ನುಗ್ಗೆ ಗಿಡದ ಕೆಳಗೆ ಕೆದರುತ್ತಿದ್ದವು. ಪುಕ್ಕ ಅಂದರೆ ಹೆಚ್ಚೂಕಡಿಮೆ ಎಲ್ಲ ಪ್ರೋಟೀನು. ಅದನ್ನು ಬೆಳೆಸಲು ಹೋಗುವ ಶೇಂಗಾ ಹಿಂಡಿ ಮಾಂಸಕ್ಕೆ ಹೋಗುತ್ತದೆ. ಕೊಯ್ದ ಮೇಲೆ ಪುಕ್ಕ ತರಿಯುವ ಕೆಲಸವೂ ಬೇಗ ಮುಗಿಯುತ್ತದೆ.

ಹಾಗಂತ ಬಿಸಿಲಿಗೆ ಬಿಟ್ಟು ಕೂರಬೇಡಿ. ನೆರಳು, ಮಣ್ಣಿನ ಪಾತ್ರೆಯಲ್ಲಿ ನೀರು, ತಗಡಿನ ಮೇಲೆ ಜೋಳದ ದಂಟು, ಇವು ಯಾವ ಕೋಳಿಗೂ ತಪ್ಪುವುದಿಲ್ಲ. ಬೋಳು ಚರ್ಮದ ಮೇಲೆ ಗಾಯವಾದರೆ ಬೇಗ ಕಾಣುತ್ತದೆ. ನಿಮಗೂ ಕಾಣುತ್ತದೆ, ಬೇರೆ ಕೋಳಿಗೂ ಕಾಣುತ್ತದೆ. ರಕ್ತ ಕಂಡರೆ ಅವು ಕುಕ್ಕದೆ ಬಿಡುವುದಿಲ್ಲ. ಗಾಯ ಒಣಗುವವರೆಗೆ ಅದನ್ನು ಬೇರೆ ಬುಟ್ಟಿಯಲ್ಲಿ ಮುಚ್ಚಿಡಿ. ಮರಿಗಳಿಗೆ ಮೊದಲ ವಾರ 34, 35 ಡಿಗ್ರಿ ಬಿಸಿ ಬೇಕು. ತಾಯಿ ಇದ್ದರೆ ಅವಳೇ ನೋಡಿಕೊಳ್ಳುತ್ತಾಳೆ, ಇಲ್ಲದಿದ್ದರೆ ಬಲ್ಬು ಹಾಕಿ. ಮರಿ ಬಲ್ಬಿನ ಕೆಳಗೆ ಗುಂಪಾಗಿ ಕೂತರೆ ಚಳಿ, ದೂರ ಓಡಿದರೆ ಸೆಕೆ. ಥರ್ಮಾಮೀಟರಿಗಿಂತ ಅದನ್ನು ನಂಬಿ. ಕೊಕ್ಕರೆ ರೋಗಕ್ಕೆ ಬೋಳು, ಪುಕ್ಕ ಅಂತ ಭೇದ ಇಲ್ಲ. 7ನೇ ದಿನದೊಳಗೆ ಲಸೋಟಾ ಲಸಿಕೆಯ ಹನಿ ಹಾಕಿಸಿ, ಮುಂದಿನ ಲಸಿಕೆ ಯಾವಾಗ ಅಂತ ಪಶು ಆಸ್ಪತ್ರೆಯಲ್ಲಿ ಕೇಳಿಕೊಂಡೇ ಬನ್ನಿ.

ಮಾರುವುದು ಮೊದಮೊದಲು ಕಷ್ಟ. ಜನ ರೋಗದ ಕೋಳಿ ಅಂತ ದೂರ ಸರಿಯುತ್ತಾರೆ. ನಾನು ಮೊದಲ ವರ್ಷ ಎರಡು ಹುಂಜ ಕೊಯ್ದು ಸಾರು ಮಾಡಿ ಓಣಿಗೆ ಹಂಚಿದೆ. ಆಮೇಲೆ ತಕರಾರು ಬರಲಿಲ್ಲ.

ಕೊನೆಗೆ ಹುಂಜ ಬದಲಾಯಿಸುವ ಮಾತು. ಅಪ್ಪನನ್ನೇ ಮಕ್ಕಳು, ಮೊಮ್ಮಕ್ಕಳ ಜೊತೆ ಬಿಟ್ಟರೆ ಎರಡು ಮೂರು ತಲೆಮಾರಿಗೆ ಕುಳ ಸೊರಗುತ್ತದೆ. ಮೊಟ್ಟೆ ಕಡಿಮೆ, ಮರಿ ಬಿಡುವುದು ಕಡಿಮೆ. ವರ್ಷ ಒಂದೂವರೆ ವರ್ಷಕ್ಕೆ ಹುಂಜ ಬದಲಿಸಿ. ಇನ್ನೊಂದು ಬೋಳು ಹುಂಜವೇ ಬೇಕೆಂದಿಲ್ಲ. ಹೇಂಟೆಗಳು ಗೊಂಡೆಯವು ಆಗಿದ್ದರೆ ಬೇರೆ ಊರಿನ ಒಳ್ಳೆಯ ಜವಾರಿ ಹುಂಜವೂ ನಡೆಯುತ್ತದೆ, ಅರ್ಧ ಮರಿ ಬೋಳೇ ಬರುತ್ತವೆ. ನಾನು ಹುನಗುಂದದಲ್ಲಿರುವ ನಮ್ಮ ಚಿಕ್ಕಮ್ಮನ ಜೊತೆ ಅದಲು ಬದಲು ಮಾಡಿಕೊಳ್ಳುತ್ತೇನೆ.

ಹೋದ ಸಲ ಹುಂಜವನ್ನು ಚೀಲದಲ್ಲಿ ಹಾಕಿ, ತಲೆ ಮಾತ್ರ ಹೊರಗೆ ಬಿಟ್ಟು, ಬಸ್ಸು ಹತ್ತಿದ್ದೆ. ಕೆಂಪು ಕುತ್ತಿಗೆ ಗೇಣುದ್ದ ಮೇಲೆ ಚಾಚಿಕೊಂಡು ನಿಂತಿತ್ತು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು ನೋಡಿದ. "ಯಕ್ಕಾ, ಜೀವ ಇರೂವಾಗನ ಪುಕ್ಕ ತಗದೀರೇನು?" ಹುನಗುಂದ ಬರುವವರೆಗೂ ಅವನಿಗೆ ಎಳೆಯ ಲೆಕ್ಕ ಹೇಳಿದೆ. ಅವನಿಗೆ ತಿಳಿಯಿತೋ ಇಲ್ಲವೋ, ಹಿಂದಿನ ಸೀಟಿನ ಮುದುಕರೊಬ್ಬರು ಇಳಿಯುವಾಗ ನನ್ನ ಪಕ್ಕ ನಿಂತು, "ಗೊಂಡೇದ್ದು ಒಂದು ನನಗೂ ಇಡವ್ವಾ" ಅಂದರು.